‘ಬಿಲ್ಲು’ ಪದ್ಯದ ಪಾಠ

ಫುಜೈರಾ. ಟೈಲರ್ ಅಂಗಡಿಯ ಅಟ್ಟದಲ್ಲಿ
ನಾವು ನಾಲ್ವರು, ಒಂದು ಟೇಬಲ್ ಫ್ಯಾನು.
ಕೆಳಗೆ ಹೊಲಿಗೆಯಂತ್ರ ನಿಂತು ನಿಂತು ಓಡುತ್ತದೆ.
ಹಸನಬ್ಬ ಪದ್ಯ ತಂದಿದ್ದಾನೆ,
ಗೋದಾಮಿನ ಬಿಲ್ಲಿನ ಹಾಳೆಯ ಮೇಲೆಯೇ ಬರೆದು.
ಹೆಸರೂ ಅದೇ.

ಇಪ್ಪತ್ತಾರು ವರ್ಷ ಹಡಗುಗಳಿಗೆ
ಅಕ್ಕಿ, ಹಗ್ಗ, ಸಾಬೂನು ಎಣಿಸಿ ಕಳಿಸಿದವನು.
ಓದುವಾಗ ದನಿ ಏರಿಸಲಿಲ್ಲ:

    ನೀರು, ಟನ್ನಿಗೆ ಹದಿನೆಂಟು; ಹೋದ ವಾರ ಹನ್ನೊಂದು.
    ಈರುಳ್ಳಿ, ಚೀಲಕ್ಕೆ ಎಂಬತ್ತು.
    ಕೋರಿಕೆ: ಇಪ್ಪತ್ತೆರಡು ಮಂದಿಗೆ ಅಕ್ಕಿ.
    ಮಾರನೆಯ ದಿನ: ಇಪ್ಪತ್ತೊಂದು ಮಂದಿಗೆ.
    ಏರಿದೆ ದರ. ಆಚೆ ಹೊಗೆ ಎದ್ದಿದೆ.
    ಯಾರಿಗೆ:

ಅಷ್ಟೇ. ಕೊನೆಯ ಸಾಲು ಖಾಲಿ.
‘ಇದು ಪದ್ಯ ಅಲ್ಲಪಾ, ಪಾವತಿ’ ಅಂದ
ಬಂದರಿನ ಕ್ರೇನು ಓಡಿಸುವ ಚೆನ್ನವೀರ.
ಬೆನೆಡಿಕ್ಟಾ ಮಾತಾಡಲಿಲ್ಲ. ಆಸ್ಪತ್ರೆಯಲ್ಲಿ
ಅವಳ ವಾರ್ಡಿಗೆ ಬಂದಿತ್ತು ಆ ಹಡಗಿನಿಂದ ಒಂದು ಸ್ಟ್ರೆಚರ್.

ಶಿರ್ವದ ಶಾಲೆಯಲ್ಲಿ ಹನ್ನೊಂದು ವರ್ಷ
ಮಕ್ಕಳಿಂದ ಲಘು ಗುರು ಹಾಕಿಸಿದವಳು ನಾನು.
ಪೆನ್ಸಿಲ್ ತೆಗೆದೆ.

ನೋಡು ಚೆನ್ನವೀರ, ಎರಡನೆಯ ಅಕ್ಷರ:
ನೀರು, ಈರುಳ್ಳಿ, ಕೋರಿಕೆ, ಮಾರನೆ, ಏರಿದೆ, ಯಾರಿಗೆ.
ಆರಕ್ಕೆ ಆರೂ ರಕಾರ, ಹಿಂದೆ ದೀರ್ಘ.
ಗಜಪ್ರಾಸ. ಈರುಳ್ಳಿ ಚೀಲದ ಮರೆಯಲ್ಲಿ
ಆರು ಆನೆ ದಾಟಿಸಿದ್ದಾನೆ,
ಗೋದಾಮಿನವನಿಗೆ ಗೊತ್ತಿರುವ ಕೆಲಸ.

ಹಾಳೆಯ ನೆತ್ತಿಯಲ್ಲಿ ಸೇಠ್ ಅಚ್ಚು ಹಾಕಿಸಿದ್ದು
ಶುಭ, ಲಾಭ. ಎರಡರಲ್ಲೂ ಭಕಾರ.
ಪ್ರಾಸವೇ? ಅಲ್ಲ.
ಶು ಗಿಡ್ಡ, ಲಾ ಉದ್ದ. ಒಂದು ಸಿಂಹ, ಒಂದು ಆನೆ.
ಒಂದೇ ಪದ್ಯದಲ್ಲಿ ಕಟ್ಟಬೇಡಿ ಎನ್ನುತ್ತಾರೆ ಹಳಬರು.
ಅಂಗಡಿಯ ಬಾಗಿಲಲ್ಲಿ ಮಾತ್ರ
ಅವು ತಕರಾರಿಲ್ಲದೆ ಜೊತೆಗೆ ನಿಲ್ಲುತ್ತವೆ.

ಇನ್ನು ಕ್ರಿಯಾಪದ. ಏರಿದೆ, ಎದ್ದಿದೆ.
ಏರಿಸಿದವನು ಎಲ್ಲಿ? ಹೊತ್ತಿಸಿದವನು?
ಈ ಪದ್ಯದಲ್ಲಿ ಕರ್ತೃವಿಗೆ ರಜೆ.
ನಮ್ಮ ಭಾಷೆಯ ಉಪಕಾರವೂ ಉಂಟು ಇದಕ್ಕೆ:
ಲಾಭವನ್ನು ಯಾರೂ ಮಾಡಬೇಕಾಗಿಲ್ಲ,
ಅದು ‘ಆಗುತ್ತದೆ’, ನಮಗೆ,
ನೆಗಡಿ ಆದ ಹಾಗೆ.
ಚತುರ್ಥಿ ವಿಭಕ್ತಿಯಲ್ಲಿ ಕೈ ಚಾಚಿ ಕೂತರೆ ಸಾಕು.

ಮೂರು, ನಾಲ್ಕನೆಯ ಸಾಲಿಗೆ ಬಂದೆ.
ಇಪ್ಪತ್ತೆರಡು: ಎರಡು, ಎರಡು, ಒಂದು, ಒಂದು, ಒಂದು. ಏಳು ಮಾತ್ರೆ.
ಇಪ್ಪತ್ತೊಂದು: ಎರಡು, ಎರಡು, ಎರಡು, ಒಂದು.
ಇದೂ ಏಳು.
ಮತ್ತೊಮ್ಮೆ ಎಣಿಸಿದೆ. ಏಳೇ.
ಛಂದಸ್ಸಿನ ಪ್ರಕಾರ ಹಡಗಿನಲ್ಲಿ ಯಾರೂ ಸತ್ತಿಲ್ಲ.

‘ಗೊತ್ತಿದ್ದೇ ಇಟ್ಟಿದ್ದಾ?’ ಕೇಳಿದೆ.
ಹಸನಬ್ಬ ತಲೆಯಾಡಿಸಿದ. ‘ಇಲ್ಲ ಟೀಚರೇ,
ಆರ್ಡರ್ ಹಾಗೇ ಬಂದಿತ್ತು.’

ಯಾರೋ ಫ್ಯಾನನ್ನು ನನ್ನ ಕಡೆ ತಿರುಗಿಸಿದರು.
ಅದೇ ವಾರ ವಿಮೆ ಕಚೇರಿಯಲ್ಲಿ
ಯುದ್ಧದ ಕಂತಿನ ದರ ನಾಲ್ಕು ಸಲ ತಿದ್ದಿದವಳು
ಯಾರೆಂದು ಹೇಳಲಿಲ್ಲ. ಹೇಳಬೇಕಿತ್ತು.
ಇದೇ ಪೆನ್ಸಿಲ್.

‘ತಪ್ಪೇನಾದರೂ?’ ಅವನ ಪ್ರಶ್ನೆ.
ತಾರೀಕು ಇಲ್ಲ ಅಂದೆ.
‘ಮೊದಲು ಟ್ಯಾಂಕರುಗಳದ್ದು ಬಂತು, ಆಗ ನನ್ನ ಮಾವ ಇದ್ದ ಗೋದಾಮಲ್ಲಿ.
ಆಮೇಲೆ ಕುವೈತಿನದ್ದು. ಈಗ ಇದು.
ಯಾವುದರದ್ದು ಹಾಕಲಿ?’

ಸಮೋಸದ ಪೊಟ್ಟಣ ಬಿಚ್ಚಿದ. ಬಿಸಿ ಇತ್ತು.
‘ತಿನ್ನಿ, ಈ ತಿಂಗಳು ಓಟಿ ಜಾಸ್ತಿ, ನನ್ನ ಲೆಕ್ಕ.’
ಚೆನ್ನವೀರ ಎರಡು ತಿಂದ. ಬೆನೆಡಿಕ್ಟಾ ಒಂದು.
ನಾನು ನನ್ನದನ್ನು ಬಿಲ್ಲಿನ ಮೇಲೆ ಇಟ್ಟಿದ್ದೆ, ಮರೆತು.
ಎಣ್ಣೆ ಇಳಿದು, ‘ಯಾರಿಗೆ’ಯ ಮುಂದಿನ ಜಾಗ
ಪಾರದರ್ಶಕವಾಯಿತು.
ಕೆಳಗಿದ್ದ ಮೇಜು ಕಂಡಿತು, ಮೇಜಿನ ಮೇಲೆ
ನನ್ನ ಬೆರಳು.